ಕೊಬ್ಬರಿ ಮಂಡಿಯಲ್ಲಿ ಕೂರುವ ಹುಡುಗಿಗೆ: ಸಮಾಜ ವಿಜ್ಞಾನ ಓದಲು ಹೊರಟವರು ಪಾಠದ ಹೊರಗೆ ಏನು ಮಾಡಬೇಕು?

ಪ್ರಶ್ನೆ: ನಾನು ತಿಪಟೂರಿನಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದೇನೆ. ಕಾಂಬಿನೇಷನ್ ಹೆಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ). ಮುಂದೆ ಅರ್ಥಶಾಸ್ತ್ರ ಅಥವಾ ಸಮಾಜಶಾಸ್ತ್ರದಲ್ಲಿ ಬಿ.ಎ. ಆನರ್ಸ್ ಮಾಡುವ ಆಸೆ. ಅಜೀಂ ಪ್ರೇಮ್‌ಜಿ, ಅಶೋಕ, ದೆಹಲಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬೇಕು ಅಂದುಕೊಂಡಿದ್ದೇನೆ. ಸ್ಕಾಲರ್‌ಶಿಪ್ ಸಿಗುವುದಾದರೆ ಅಮೆರಿಕಕ್ಕೂ. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳ ಹತ್ತಿರ ಮಾಡೆಲ್ ಯುಎನ್ (ವಿಶ್ವಸಂಸ್ಥೆಯ ಅಣಕು ಅಧಿವೇಶನ), ಆನ್‌ಲೈನ್ ಇಂಟರ್ನ್‌ಶಿಪ್ ಅಂತ ಹನ್ನೆರಡು ಸರ್ಟಿಫಿಕೇಟ್ ಇವೆ. ನನ್ನ ಹತ್ತಿರ ಇರುವುದು ಎನ್‌ಎಸ್‌ಎಸ್ ಮತ್ತು ಒಂದು ಚರ್ಚಾಸ್ಪರ್ಧೆಯ ಬಹುಮಾನ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ವಾರಕ್ಕೆ ಎರಡು ದಿನ ಕಾಲೇಜು ಮುಗಿದ ಮೇಲೆ ಅವರ ಜೊತೆ ಲೆಕ್ಕ ಬರೆಯಲು ಕೂರಬೇಕು, ಹಾಗಾಗಿ ಬೇರೇನೂ ಮಾಡಲು ಆಗುತ್ತಿಲ್ಲ. 60,000 ರೂಪಾಯಿ ಕಟ್ಟಿ ಒಂದು ಆನ್‌ಲೈನ್ ರಿಸರ್ಚ್ ಪ್ರೋಗ್ರಾಂ ಸೇರಿದರೆ ಅನುಕೂಲ ಆಗುತ್ತಾ?

ಉತ್ತರ: ನಿಮ್ಮ ಪತ್ರದ ಒಂದು ಸಾಲನ್ನು ನಾನು ಎರಡು ಸಲ ಓದಿದೆ. ಮಂಡಿಯಲ್ಲಿ ಕೂರುವುದರಿಂದ ಬೇರೇನೂ ಮಾಡಲು ಆಗುತ್ತಿಲ್ಲ ಅಂತ ಬರೆದಿದ್ದೀರಲ್ಲ, ಆ ಸಾಲು. ಇಪ್ಪತ್ತೆರಡು ವರ್ಷ ಪಿಯು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಟ್ಟಿದ್ದೇನೆ. ಈಗ ಕೆಲವು ವರ್ಷಗಳಿಂದ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಮಕ್ಕಳು ದೂರದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವಾಗ ಅವರ ಪಕ್ಕ ಕೂತು ನೋಡುತ್ತೇನೆ. ಆ ಅನುಭವದಿಂದ ಹೇಳುವುದಾದರೆ, ನಿಮ್ಮ ಅರ್ಜಿಯ ಅತಿ ಗಟ್ಟಿಯಾದ ವಿಷಯ ಆ ಮಂಡಿಯಲ್ಲೇ ಇದೆ. ಅರವತ್ತು ಸಾವಿರ ಕಟ್ಟಬೇಡಿ. ಆ ದುಡ್ಡು ಮನೆಯಲ್ಲೇ ಇರಲಿ.

ಮೊದಲು ಯಾವ ಕಾಲೇಜು ಏನನ್ನು ನೋಡುತ್ತದೆ ಅನ್ನುವುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಇಲ್ಲೇ ತುಂಬಾ ಮಕ್ಕಳು ದಾರಿ ತಪ್ಪುತ್ತಾರೆ.

ನಮ್ಮ ರಾಜ್ಯದ ಬಹುತೇಕ ಪದವಿ ಕಾಲೇಜುಗಳಿಗೆ ಪಿಯುಸಿ ಅಂಕ ಸಾಕು. ದೆಹಲಿ ವಿಶ್ವವಿದ್ಯಾಲಯದಂಥ ಕೇಂದ್ರೀಯ ವಿಶ್ವವಿದ್ಯಾಲಯಗಳು 2022ರಿಂದ ಸಿಯುಇಟಿ ಪರೀಕ್ಷೆಯ ಅಂಕದ ಮೇಲೆ ಸೀಟು ಕೊಡುತ್ತಿವೆ. ಅಲ್ಲಿ ನೀವು ಎಷ್ಟು ಭಾಷಣ ಮಾಡಿದ್ದೀರಿ, ಎಷ್ಟು ಗಿಡ ನೆಟ್ಟಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ದೆಹಲಿಯಲ್ಲಿ ಪಠ್ಯೇತರ ಚಟುವಟಿಕೆಯ ಕೋಟಾ ಒಂದಿದೆ ನಿಜ. ಸಂಗೀತ, ನೃತ್ಯ, ರಂಗಭೂಮಿ, ಚರ್ಚೆ, ಎನ್‌ಸಿಸಿ, ಎನ್‌ಎಸ್‌ಎಸ್ ಹೀಗೆ ವಿಭಾಗಗಳಿವೆ. ಆದರೆ ಸೀಟು ತೀರಾ ಕಡಿಮೆ. ಅದನ್ನೇ ನೆಚ್ಚಿಕೊಂಡು ಕೂರುವ ಹಾಗಿಲ್ಲ. ದೆಹಲಿಯೇ ನಿಮ್ಮ ಮೊದಲ ಆಯ್ಕೆಯಾದರೆ, ಪಾಠದ ಹೊರಗಿನ ಕೆಲಸವನ್ನು ಅರ್ಜಿಗೋಸ್ಕರ ಮಾಡಬೇಕಾಗಿಲ್ಲ, ಓದಿನ ಖುಷಿಗೆ ಮಾಡಿ.

ಅಜೀಂ ಪ್ರೇಮ್‌ಜಿಯಲ್ಲಿ ಪ್ರವೇಶ ಪರೀಕ್ಷೆ ಆದ ಮೇಲೆ ಸಂದರ್ಶನ ಇರುತ್ತದೆ. ಅಶೋಕದಲ್ಲಿ ಅರ್ಜಿಯ ಜೊತೆ ಪ್ರಬಂಧ ಬರೆಯಬೇಕು, ಪರೀಕ್ಷೆ ಮತ್ತು ಸಂದರ್ಶನವೂ ಇರುತ್ತದೆ. ಈ ಎರಡೂ ಕಡೆ ಎದುರಿಗೆ ಕೂತವರು ನಿಮ್ಮನ್ನು ಮಾತನಾಡಿಸುತ್ತಾರೆ. ಸರ್ಟಿಫಿಕೇಟಿನ ಫೈಲು ಅಲ್ಲಿ ಬಾಯಿ ತೆರೆಯುವುದಿಲ್ಲ, ನೀವೇ ತೆರೆಯಬೇಕು. "ಯಾಕೆ ಹಾಗನ್ನಿಸಿತು? ಬೇರೆ ಕಾರಣ ಇರಬಹುದಲ್ವಾ?" ಅಂತ ಮೂರನೇ ಪ್ರಶ್ನೆ ಬಂದಾಗ, ಸ್ವಂತ ಕಣ್ಣಿಂದ ನೋಡಿದ ವಿಷಯವಿದ್ದರೆ ಮಾತ್ರ ಉತ್ತರ ಬರುತ್ತದೆ.

ಅಮೆರಿಕದ ಬಹಳಷ್ಟು ಕಾಲೇಜುಗಳಿಗೆ ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿ. ಅದರಲ್ಲಿ ಗರಿಷ್ಠ 10 ಚಟುವಟಿಕೆ ಬರೆಯಬಹುದು. ಒಂದೊಂದರ ವಿವರಣೆಗೆ 150 ಅಕ್ಷರ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತಲೂ ತುಂಬಬೇಕು. ಈ ಎರಡು ಅಂಕಿಗಳು ತುಂಬಾ ಮಾತಾಡುತ್ತವೆ. ಒಂದು ವಾರಾಂತ್ಯದ ಸಮ್ಮೇಳನ ಮತ್ತು ಎರಡು ವರ್ಷದ ಕೆಲಸ ಅಲ್ಲಿ ಬೇರೆ ಬೇರೆಯಾಗಿಯೇ ಕಾಣುತ್ತವೆ. ಇನ್ನೊಂದು ವಿಷಯ ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಆ ಪಟ್ಟಿಯಲ್ಲಿ ಸಂಬಳದ ಕೆಲಸ ಮತ್ತು ಮನೆಯ ಜವಾಬ್ದಾರಿ ಅಂತಲೇ ವಿಭಾಗಗಳಿವೆ. ಅಜ್ಜಿಯನ್ನು ನೋಡಿಕೊಳ್ಳುವುದು, ತಮ್ಮನಿಗೆ ಪಾಠ ಹೇಳುವುದು, ಅಂಗಡಿಯಲ್ಲಿ ಕೂರುವುದು ಎಲ್ಲವನ್ನೂ ಅಲ್ಲಿ ಮರ್ಯಾದೆಯಿಂದ ಬರೆಯಬಹುದು. ಒಬ್ಬ ಹುಡುಗ ನನ್ನ ಹತ್ತಿರ ಅರ್ಜಿ ತಂದಾಗ ಹತ್ತು ಜಾಗದಲ್ಲಿ ನಾಲ್ಕು ಖಾಲಿ ಬಿಟ್ಟಿದ್ದ. ಬೆಳಗ್ಗೆ ಎಷ್ಟಕ್ಕೆ ಏಳ್ತೀಯ ಅಂತ ಕೇಳಿದೆ. "ನಾಲ್ಕೂವರೆಗೆ ಸಾರ್, ಹಾಲು ಕರೆದು ಡೈರಿಗೆ ಹಾಕಿ ಬರ್ತೀನಿ" ಅಂದ. ಐದು ವರ್ಷದಿಂದ ದಿನವೂ ಮಾಡುತ್ತಿದ್ದ ಆ ಕೆಲಸ ಅರ್ಜಿಯಲ್ಲಿ ಇರಲೇ ಇಲ್ಲ. ಅದು ಹೇಳಿಕೊಳ್ಳುವಂಥದ್ದು ಅಂತ ಅವನಿಗೆ ಅನ್ನಿಸಿಯೇ ಇರಲಿಲ್ಲ.

ಇಂಗ್ಲೆಂಡಿನ ದಾರಿ ಮತ್ತೂ ಬೇರೆ. ಅಲ್ಲಿನ ಯುಕ್ಯಾಸ್ ಅರ್ಜಿಯ ಸ್ವಪರಿಚಯಕ್ಕೆ 4,000 ಅಕ್ಷರದ ಮಿತಿ. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಈ ವಿಷಯ ಯಾಕೆ ಇಷ್ಟ, ಅದಕ್ಕೆ ಏನು ಓದಿದ್ದೀರಿ, ಹೊರಗೆ ಏನು ಮಾಡಿದ್ದೀರಿ ಎಂಬುದೇ ಅವುಗಳ ತಿರುಳು. ವಿಷಯಕ್ಕೆ ಸಂಬಂಧವಿಲ್ಲದ ಆಟ, ಹಾಡು ಅಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ.

ಈಗ ನಿಮ್ಮ ಮಂಡಿಗೆ ಬರೋಣ.

ತಿಪಟೂರಿನ ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಾಯಿಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ, ಎಂಟು ಹತ್ತು ತಿಂಗಳು ಬಿಟ್ಟು, ಒಳಗೆ ಗಿಟುಕು ಅಲ್ಲಾಡುವ ಸದ್ದು ಬಂದ ಮೇಲೆ ಸುಲಿದು ಒಡೆಯುತ್ತಾರೆ. ನಿಮ್ಮ ಮನೆಯಲ್ಲಿ ಇದು ದಿನನಿತ್ಯದ ಮಾತು. ಆದರೆ ಅರ್ಥಶಾಸ್ತ್ರ ಓದುವವರ ಕಣ್ಣಿಂದ ಒಂದು ಸಲ ನೋಡಿ. ಇವತ್ತು ಮಂಡಿಗೆ ಬಂದ ಚೀಲದ ನಿರ್ಧಾರ ಹೋದ ವರ್ಷವೇ ಆಗಿದೆ. ಒಬ್ಬರು ಕಾಯಿಯನ್ನು ಆಗಲೇ ಮಾರಿಬಿಟ್ಟರು, ಇನ್ನೊಬ್ಬರು ಎಳನೀರಿಗೇ ಕೊಟ್ಟರು, ಮತ್ತೊಬ್ಬರು ಅಟ್ಟಕ್ಕೆ ಹಾಕಿ ಕಾದರು. ಕಾಯಲು ಯಾರಿಗೆ ಸಾಧ್ಯ ಆಯಿತು? ಯಾರಿಗೆ ಆಗಲಿಲ್ಲ? ಮಗಳ ಮದುವೆ, ಆಸ್ಪತ್ರೆ, ಸಂಘದ ಸಾಲದ ಕಂತು, ಇವುಗಳಲ್ಲಿ ಯಾವುದು ಯಾರ ಕೈ ಹಿಡಿದು ಎಳೆಯಿತು?

ಇದಕ್ಕೆ ಹೊರಗಿನ ಅಂಕಿಗಳನ್ನು ಜೋಡಿಸಿ. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 2024ರ ಹಂಗಾಮಿಗೆ 12,000 ರೂಪಾಯಿ, 2025ರ ಹಂಗಾಮಿಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. 2023ರಲ್ಲಿ ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಬೆಳೆಗಾರರು ಬೀದಿಗಿಳಿದಿದ್ದು ನಿಮಗೆ ನೆನಪಿರಬೇಕು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿ ಹೋಯಿತು. ಎರಡೇ ವರ್ಷದಲ್ಲಿ ಇಷ್ಟು ಏರಿಳಿತ. ದರ ಏರಿದಾಗ ಯಾರ ಅಟ್ಟದಲ್ಲಿ ಕಾಯಿ ಇತ್ತು? ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿಗೆ ಹೆಸರು ಬರೆಸಿದವರು ಯಾರು, ಬರೆಸದವರು ಯಾಕೆ ಬರೆಸಲಿಲ್ಲ? ದರ ಎರಡು ಪಟ್ಟಾದಾಗ ಕಾಯಿ ಸುಲಿಯುವವರ, ಕೊಬ್ಬರಿ ಒಡೆಯುವ ಹೆಂಗಸರ ಕೂಲಿಯೂ ಏರಿತಾ? ಈ ಕೊನೆಯ ಪ್ರಶ್ನೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ದರದ ಸುದ್ದಿ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಕೂಲಿಯ ಸುದ್ದಿ ಬರುವುದು ಅಪರೂಪ.

ಇಷ್ಟೆಲ್ಲ ಪ್ರಶ್ನೆಯನ್ನು ನೀವೊಬ್ಬರೇ ಹಿಡಿಯಬೇಡಿ. ಒಂದನ್ನು ಆರಿಸಿಕೊಳ್ಳಿ. "ತಿಪಟೂರಿನ ಕೊಬ್ಬರಿ ಮಾರುಕಟ್ಟೆ" ಅಂತ ಶುರು ಮಾಡಿದರೆ ಕೆಲಸ ಮುಗಿಯುವುದಿಲ್ಲ. "ನಮ್ಮ ಹೋಬಳಿಯ ಎರಡು ಊರಿನ 20 ಮನೆಗಳು ಕಾಯಿ ಮಾರಬೇಕೋ ಅಟ್ಟಕ್ಕೆ ಹಾಕಬೇಕೋ ಅಂತ ಹೇಗೆ ತೀರ್ಮಾನ ಮಾಡುತ್ತವೆ" ಅಂದರೆ ಮುಗಿಯುತ್ತದೆ.

ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ದಿನಾಂಕ, ಹರಾಜಿನ ಕನಿಷ್ಠ ಮತ್ತು ಗರಿಷ್ಠ ದರ, ಬಂದ ಮಾಲಿನ ಅಂದಾಜು. ಬಲಪುಟದಲ್ಲಿ ಆ ದಿನ ಕೇಳಿದ ಮಾತು, ಅವರು ಹೇಳಿದ ಹಾಗೇ. "ರೇಟು ಬಿದ್ದೋಯ್ತು" ಅಂದರೆ ಹಾಗೇ ಬರೆಯಿರಿ. ಅದನ್ನು "ದರ ಕುಸಿತದಿಂದ ಕಂಗಾಲು" ಅಂತ ತಿದ್ದಬೇಡಿ. ತಿದ್ದಿದ ಕೂಡಲೇ ಆ ಮಾತು ಅವರದಾಗಿ ಉಳಿಯುವುದಿಲ್ಲ.

ಪ್ರಶ್ನೆ ಕೇಳುವ ರೀತಿಯಲ್ಲೇ ಅರ್ಧ ಕಲಿಕೆ ಇದೆ. "ಬೆಂಬಲ ಬೆಲೆ ಸಾಕಾಗಲ್ಲ ಅಲ್ವಾ ಅಣ್ಣ?" ಅಂತ ಕೇಳಿದರೆ "ಹೂಂ ಕಣಮ್ಮ" ಅನ್ನುತ್ತಾರೆ, ಮುಗಿಯಿತು. "ಹೋದ ಸಲ ಕೊಬ್ಬರಿ ಯಾವಾಗ ಮಾರಿದ್ರಿ? ಅವತ್ತೇ ಯಾಕೆ ಮಾರಿದ್ರಿ?" ಅಂತ ಕೇಳಿ ನೋಡಿ. ಕಥೆ ಹೊರಗೆ ಬರುತ್ತದೆ. ಉತ್ತರ ಬಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಜನ ನಿಜವಾದ ಕಾರಣ ಹೇಳುವುದು ಸಾಮಾನ್ಯವಾಗಿ ಎರಡನೇ ಸಲಕ್ಕೆ.

ಇಲ್ಲಿ ಒಂದು ತೊಡಕಿದೆ, ಅದನ್ನು ನೀವು ಮುಚ್ಚಿಡಬಾರದು. ನೀವು ಮಂಡಿ ಗುಮಾಸ್ತರ ಮಗಳು. ಬೆಳೆಗಾರರು ನಿಮ್ಮ ಎದುರು ಮಂಡಿಯವರ ಬಗ್ಗೆ ಎಲ್ಲ ಹೇಳಲಿಕ್ಕಿಲ್ಲ. ತೂಕದ ಬಗ್ಗೆ, ಮುಂಗಡದ ಬಗ್ಗೆ ಬಾಯಿ ಬಿಡಲಿಕ್ಕಿಲ್ಲ. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಕೊನೆಗೆ ವರದಿಯಲ್ಲೂ ಹೇಳಿ. "ನಾನು ಯಾರು ಅನ್ನುವುದರಿಂದ ನನಗೆ ಏನು ಕೇಳಿಸಿತು, ಏನು ಕೇಳಿಸಲಿಲ್ಲ" ಎಂದು ಯೋಚಿಸುವ ಹದಿನೇಳರ ಹುಡುಗಿಯನ್ನು ಸಮಾಜ ವಿಜ್ಞಾನದ ಮೇಷ್ಟ್ರುಗಳು ಮರೆಯುವುದಿಲ್ಲ. ಎಂ.ಎ. ಮಟ್ಟದಲ್ಲೂ ಇದನ್ನು ಕಲಿಸಲು ನಾವು ಒದ್ದಾಡುತ್ತೇವೆ.

ಮಂಡಿಯ ಲೆಕ್ಕದ ಪುಸ್ತಕ ನಿಮ್ಮ ಕೈಗೆ ಸಿಗುತ್ತದೆ ಅಂತ ಅದರಿಂದ ಒಂದು ಸಾಲೂ ಎತ್ತಬೇಡಿ. ಅದು ಮಾಲೀಕರದ್ದು ಮತ್ತು ಅಲ್ಲಿ ಹೆಸರಿರುವ ಬೆಳೆಗಾರರದ್ದು. ಅಪ್ಪನ ಕೆಲಸಕ್ಕೆ ಕುತ್ತು ಬರಬಾರದು. ಎಪಿಎಂಸಿ ಪ್ರಕಟಿಸುವ ದರ ಎಲ್ಲರಿಗೂ ಸಿಗುವಂಥದ್ದು, ಅದನ್ನು ಬಳಸಿ. ಮಾಲೀಕರನ್ನು ಒಮ್ಮೆ ಕಂಡು "ನಾನು ಹೀಗೊಂದು ಓದಿನ ಕೆಲಸ ಮಾಡ್ತಿದೀನಿ" ಅಂತ ಮೊದಲೇ ಹೇಳಿಬಿಡಿ.

ಜನರ ಜೊತೆ ಮಾತಾಡುವಾಗ ನೆನಪಿಡಬೇಕಾದ ಇನ್ನೊಂದು ಮಾತನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ಬಹಳ ವರ್ಷದ ಹಿಂದೆ ನನ್ನ ತರಗತಿಯ ಮಕ್ಕಳಿಗೆ ಅರವತ್ತು ಪ್ರಶ್ನೆಯ ಫಾರಂ ಕೊಟ್ಟು ಒಂದು ಕಾಲೋನಿಗೆ ಕಳಿಸಿದೆ. ಎಷ್ಟು ಆದಾಯ, ಯಾವ ಜಾತಿ, ಕಕ್ಕಸು ಇದೆಯಾ, ಕುಡಿಯುವವರಿದ್ದಾರಾ, ಎಲ್ಲ ಇತ್ತು. ಫಾರಂ ನೋಡಿದ ಕೂಡಲೇ ಜನ ಮನೆ ಕೊಡುತ್ತಾರೆ ಅಂದುಕೊಂಡರು. ಕೆಲವರು ಪಡಿತರ ಚೀಟಿ ಕಿತ್ತುಕೊಳ್ಳುತ್ತಾರೆ ಅಂತ ಹೆದರಿದರು. ಒಬ್ಬ ಅಜ್ಜಿ ಎಲ್ಲ ಉತ್ತರ ಕೊಟ್ಟು, ಕೊನೆಗೆ "ಇದ್ರಿಂದ ನಮ್ಗೇನ್ ಬರ್ತದವ್ವ?" ಅಂತ ಕೇಳಿದರಂತೆ. ನಮ್ಮ ಹುಡುಗಿಗೆ ಉತ್ತರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾವು ಅವರ ಬೆಳಗಿನ ಹೊತ್ತನ್ನು ತೆಗೆದುಕೊಂಡು ಏನೂ ಕೊಡದೆ ಬಂದಿದ್ದೆವು. ಆಮೇಲೆ ಆ ಊರಿಗೆ ಹೋಗಿ ಲೆಕ್ಕವನ್ನು ಅವರಿಗೇ ಓದಿ ಹೇಳಿದೆವು. ಆದರೆ ಮೊದಲೇ ಹೇಳಬೇಕಿತ್ತು.

ಹಾಗಾಗಿ ಶುರುವಿನಲ್ಲೇ ಹೇಳಿ: ಇದು ನನ್ನ ಓದಿಗೆ, ಸರ್ಕಾರದ್ದಲ್ಲ, ಇದರಿಂದ ಯಾವ ಸವಲತ್ತೂ ಬರುವುದಿಲ್ಲ, ಬೇಡ ಅಂದರೆ ಹೇಳಬೇಕಾಗಿಲ್ಲ, ನಿಮ್ಮ ಹೆಸರು ಬರೆಯುವುದಿಲ್ಲ. ಒಪ್ಪಿದರೆ ಮಾತ್ರ ಮುಂದುವರಿಯಿರಿ. ಜಾತಿಯನ್ನು ನೇರವಾಗಿ ಕೇಳಬೇಡಿ. ಸಾಲದ ಮೊತ್ತ ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಮಕ್ಕಳ ಫೋಟೊ ಬೇಡವೇ ಬೇಡ.

ಹೆಸರು ಬದಲಿಸುವುದು ನಮ್ಮ ಶಿಸ್ತಿನಲ್ಲಿ ಹಳೆಯ ಪದ್ಧತಿ. ಮೈಸೂರಿನಲ್ಲೇ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. ಬರೆಯುವಾಗ ಆ ಊರನ್ನು ರಾಂಪುರ ಅಂತ ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೂತು ಬರೆಯುತ್ತಿದ್ದ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ಒಪ್ಪ ಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಊರನ್ನು ನೆನಪಿನಿಂದಲೇ ಕಟ್ಟಿ ಅವರು ಬರೆದ ಪುಸ್ತಕ 1976ರಲ್ಲಿ ಬಂತು. ಅವರಿಗೆ ಅಂಥ ನೆನಪಿತ್ತು. ನೀವು ಮಾತ್ರ ವಾರಕ್ಕೊಮ್ಮೆ ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು ಇನ್ನೊಂದು ಕಡೆ ಇಟ್ಟುಕೊಳ್ಳಿ.

ಮಂಡಿ ನಿಮ್ಮ ಮುಖ್ಯ ಕೆಲಸವಾಗಲಿ. ಅದರ ಪಕ್ಕದಲ್ಲಿ ಇನ್ನೊಂದೋ ಎರಡೋ ಇದ್ದರೆ ಸಾಕು. ಯಾವುದು ಅನ್ನುವುದು ನಿಮ್ಮ ಮನಸ್ಸು ಎತ್ತ ಎಳೆಯುತ್ತದೆ ಅನ್ನುವುದರ ಮೇಲೆ.

ರಾಜ್ಯಶಾಸ್ತ್ರ ಇಷ್ಟವಾದರೆ ನಿಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಹೋಗಿ. ಕರ್ನಾಟಕದಲ್ಲಿ ಇದು ವರ್ಷಕ್ಕೊಮ್ಮೆ ನಡೆಯುತ್ತದೆ. ಮಕ್ಕಳು ಎದ್ದು ನಿಂತು ಶೌಚಾಲಯ, ಬಸ್ಸು, ಆಟದ ಮೈದಾನ ಅಂತ ಕೇಳುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಬೇಡಿಕೆಗಳು ಮುಂದಿನ ವರ್ಷದೊಳಗೆ ಏನಾದವು? ಅದನ್ನು ಹಿಂಬಾಲಿಸುವವರು ಕಡಿಮೆ. ಈ ವರ್ಷದ ಬೇಡಿಕೆಗಳನ್ನು ಬರೆದುಕೊಳ್ಳಿ. ಆರು ತಿಂಗಳು ಬಿಟ್ಟು ಪಿಡಿಒ ಅವರನ್ನು ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. 2005ರ ಕಾಯ್ದೆ, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. 150 ಪದದಲ್ಲಿ ಬೇಕಾದ್ದನ್ನು ಸರಿಯಾಗಿ ಕೇಳುವುದೇ ಒಂದು ಒಳ್ಳೆಯ ಅಭ್ಯಾಸ.

ಶಿಕ್ಷಣದ ಕಡೆ ಮನಸ್ಸಿದ್ದರೆ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. ಶನಿವಾರ ಸಂಜೆ ಹತ್ತು ಮಕ್ಕಳಿಗೆ ಕಥೆ ಓದಿಸಿ. ಪ್ರಥಮ್ ಸಂಸ್ಥೆ 2005ರಿಂದ ಅಸರ್ ಸಮೀಕ್ಷೆ ಮಾಡುತ್ತಿದೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಆರಿಸಿ, ಮನೆಯಲ್ಲೇ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಅಕ್ಷರ, ಪದ, ನಾಲ್ಕು ಸಾಲು, ಸಣ್ಣ ಕಥೆ ಓದಿಸುತ್ತಾರೆ. ಆ ಹಾಳೆ ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ. ಅದನ್ನು ಹಿಡಿದು ಶುರುವಿನಲ್ಲಿ ಒಮ್ಮೆ, ಆರು ತಿಂಗಳಿಗೊಮ್ಮೆ ನೋಡಿ. ಹತ್ತು ಮಕ್ಕಳಿಂದ ತಿಪಟೂರು ತಾಲ್ಲೂಕಿನ ಬಗ್ಗೆ ಏನೂ ಹೇಳಲಾಗದು ಅಂತಲೂ ಬರೆಯಿರಿ. ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುವುದು ದೊಡ್ಡದು.

ಇತಿಹಾಸ ಎಳೆಯುತ್ತಿದ್ದರೆ ನಿಮ್ಮ ತಾಲ್ಲೂಕು ಪುಣ್ಯದ ಜಾಗ. ಅರಳಗುಪ್ಪೆಯ ಕಲ್ಲೇಶ್ವರ ಗುಡಿ 9ನೇ ಶತಮಾನದ್ದು. ಬಿ.ಎಲ್. ರೈಸ್ ಅವರು ಹಳ್ಳಿ ಹಳ್ಳಿ ತಿರುಗಿ ಶಾಸನ ಓದಿಸಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ತುಮಕೂರು ಜಿಲ್ಲೆಗೇ ಮೀಸಲು, 1904ರಲ್ಲಿ ಬಂದಿದ್ದು. ಅದರಲ್ಲಿ ತಿಪಟೂರು ತಾಲ್ಲೂಕಿನ ಪಟ್ಟಿ ತೆಗೆದುಕೊಂಡು ಐದಾರು ಊರಿಗೆ ಹೋಗಿ ನೋಡಿ. ಕಲ್ಲು ಅಲ್ಲೇ ಇದೆಯಾ? ಸುಣ್ಣ ಬಳಿದಿದ್ದಾರಾ? ಬಟ್ಟೆ ಒಗೆಯುವ ಕಲ್ಲಾಗಿದೆಯಾ? ಊರಿನವರು ಅದಕ್ಕೆ ಏನು ಹೆಸರಿಟ್ಟಿದ್ದಾರೆ, ಯಾವ ಕಥೆ ಹೇಳುತ್ತಾರೆ? ಶಾಸನದಲ್ಲಿ ಒಂದು ಇತಿಹಾಸ ಇರುತ್ತದೆ, ಊರಿನವರ ಬಾಯಲ್ಲಿ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಎಂಥ ಚೆಂದದ ಕೆಲಸ!

ನಾನು ಮೆಚ್ಚಿದ ಒಂದು ಕೆಲಸವನ್ನು ಹೇಳಲೇಬೇಕು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಶುರುವಾಯಿತು. ನನಗೆ ಪರಿಚಯದ ಒಬ್ಬ ವಿದ್ಯಾರ್ಥಿನಿ ಆಗ ದಿನವೂ ಬೆಳಗ್ಗೆ 6:40ರ ಬಸ್ಸಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಕಾಲೇಜಿಗೆ ಬರುತ್ತಿದ್ದಳು. ಟಿವಿಯಲ್ಲಿ ಎಲ್ಲಿ ನೋಡಿದರೂ ದೇವಸ್ಥಾನಕ್ಕೆ ನುಗ್ಗುವ ಹೆಂಗಸರ ದೃಶ್ಯ. ಅವಳು ತನ್ನ ಬಸ್ಸಿನಲ್ಲಿ ಪಕ್ಕ ಕೂತವರನ್ನು ಮಾತಾಡಿಸತೊಡಗಿದಳು. ದಿನಕ್ಕೆ ಇಬ್ಬರೋ ಮೂವರೋ, ನಾಲ್ಕು ತಿಂಗಳು. ಎಲ್ಲಿಗೆ ಹೊರಟಿದ್ದೀರಿ, ಮೊದಲು ಹೇಗೆ ಹೋಗುತ್ತಿದ್ದಿರಿ, ಉಳಿದ ದುಡ್ಡು ಯಾರ ಕೈಯಲ್ಲಿ ಉಳಿಯುತ್ತದೆ. ಅವಳ ನೋಟ್‌ಬುಕ್ಕಿನ ತುಂಬಾ ಗಾರೆ ಕೆಲಸ, ಗಾರ್ಮೆಂಟ್ಸ್, ಆಸ್ಪತ್ರೆ, ಡಯಾಲಿಸಿಸ್, ತವರುಮನೆ. ದೇವಸ್ಥಾನವೂ ಇತ್ತು, ಆದರೆ ಬೆಳಗಿನ ಆ ಬಸ್ಸಿನಲ್ಲಿ ಕಡಿಮೆ. ಭಾನುವಾರದ ಬಸ್ಸಿನಲ್ಲಿ ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತು ಅಂತ ತಾನೇ ಬರೆದಿದ್ದಳು. ಸಂದರ್ಶನದಲ್ಲಿ ಅರ್ಧ ಗಂಟೆ ಅದನ್ನೇ ಕೇಳಿದರಂತೆ. ಅದಕ್ಕೆ ಅವಳಿಗೆ ಆದ ಖರ್ಚು ಒಂದು ನೋಟ್‌ಬುಕ್ಕು, ಎರಡು ಪೆನ್ನು.

ಈಗ ನಿಮ್ಮ ಚಿಕ್ಕಪ್ಪನ ಮಗಳ ಸರ್ಟಿಫಿಕೇಟುಗಳ ವಿಷಯ. ಮಾಡೆಲ್ ಯುಎನ್ ಕೆಟ್ಟದ್ದೇನಲ್ಲ. ನಾಚಿಕೆ ಬಿಟ್ಟು ಎದ್ದು ಮಾತಾಡುವುದು, ಇನ್ನೊಬ್ಬರ ಪರ ವಾದ ಕಟ್ಟುವುದು ಅಲ್ಲಿ ಬರುತ್ತದೆ. ನಿಮ್ಮ ಕಾಲೇಜಿನಲ್ಲಿ ಯುವ ಸಂಸತ್ ಸ್ಪರ್ಧೆ ನಡೆದರೆ ಖಂಡಿತ ಸೇರಿ, ಅದಕ್ಕೆ ದುಡ್ಡೂ ಬೇಡ. ಆದರೆ ಒಂದರ ಹಿಂದೊಂದು ಹೋಟೆಲ್ ಸಮ್ಮೇಳನಕ್ಕೆ ಫೀಸು ಕಟ್ಟಿ ಓಡಾಡುವುದರಿಂದ ಅರ್ಜಿ ಗಟ್ಟಿಯಾಗುವುದಿಲ್ಲ. ದುಡ್ಡು ಕಟ್ಟಿದವರಿಗೆಲ್ಲ ಸಿಗುವ ಆನ್‌ಲೈನ್ ಇಂಟರ್ನ್‌ಶಿಪ್ ಪತ್ರ, ಹಣ ಕೊಟ್ಟರೆ ಪೇಪರ್ ಅಚ್ಚು ಹಾಕಿಸುವ ಪ್ರೋಗ್ರಾಂ, ಇವು ಎಂಥವು ಅಂತ ಪ್ರವೇಶ ನೋಡಿಕೊಳ್ಳುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಎರಡು ವರ್ಷದ ಹಿಂದೆ ಒಂದು ಮನೆಯವರು ಚಿನ್ನ ಅಡವಿಟ್ಟು ಮಗನನ್ನು ಇಂಥದ್ದಕ್ಕೆ ಸೇರಿಸಿದ್ದರು. ಕೊನೆಗೆ ಅವನ ಹೆಸರಲ್ಲಿ ಒಂದು ಲೇಖನ ಬಂತು. ಅದರ ಎರಡನೇ ಪ್ಯಾರಾದಲ್ಲಿ ಏನಿದೆ ಅಂತ ಕೇಳಿದರೆ ಅವನಿಗೆ ಹೇಳಲು ಆಗಲಿಲ್ಲ. ನನಗೆ ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ, ತುಂಬಾ ಬೇಜಾರಾಯಿತು.

ಹಾಗೇ, ಅರ್ಜಿಗೋಸ್ಕರ ಒಂದು ಎನ್‌ಜಿಒ ಹುಟ್ಟುಹಾಕಬೇಡಿ. ಊರಿನಲ್ಲಿ ಆಗಲೇ ಕೆಲಸ ಮಾಡುತ್ತಿರುವ ಮಹಿಳಾ ಸಂಘ, ಗ್ರಂಥಾಲಯ, ಆಶಾ ಕಾರ್ಯಕರ್ತೆ ಇದ್ದಾರೆ. ಅವರ ಕೈಕೆಳಗೆ ಒಂದು ವರ್ಷ ಕೆಲಸ ಮಾಡಿ. "ಸಂಸ್ಥಾಪಕಿ" ಅನ್ನುವ ಪದಕ್ಕಿಂತ ಅದು ಜಾಸ್ತಿ ಕಲಿಸುತ್ತದೆ.

ನಿಮ್ಮ ಎನ್‌ಎಸ್‌ಎಸ್ ಅನ್ನು ಮಾತ್ರ ಕಡೆಗಣಿಸಬೇಡಿ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ಶಿಬಿರ. ಶಿಬಿರದ ಊರಿನಲ್ಲಿ ಬರೀ ಚರಂಡಿ ಗುಡಿಸಿ ಬರಬೇಡಿ. ಅಲ್ಲಿ ಚರಂಡಿ ಗುಡಿಸುವ ಕೆಲಸ ಉಳಿದ 358 ದಿನ ಯಾರ ಪಾಲಿಗಿದೆ ಅಂತ ನೋಡಿ ಬನ್ನಿ.

ಕೆಲಸ ಮಾಡಿದರಷ್ಟೇ ಸಾಲದು, ಬರೆಯಬೇಕು. ಮೂರು ತಿಂಗಳಿಗೊಮ್ಮೆ ಎರಡು ಪುಟ, ಕನ್ನಡದಲ್ಲೇ. ಯೋಚನೆ ಕನ್ನಡದಲ್ಲಿ ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ತರುವುದು ಕಷ್ಟವಲ್ಲ. ತಲೆಕೆಳಗಾಗಿ ಮಾಡಿದರೆ ಎರಡೂ ಕೆಡುತ್ತವೆ. ನಿಮ್ಮ ಅರ್ಥಶಾಸ್ತ್ರದ ಉಪನ್ಯಾಸಕರಿಗೆ ಆ ಪುಟಗಳನ್ನು ತೋರಿಸುತ್ತಾ ಹೋಗಿ. ಮುಂದೆ ಶಿಫಾರಸು ಪತ್ರ ಬರೆಯುವವರು ಅವರೇ. ಒಂದೂವರೆ ವರ್ಷ ನಿಮ್ಮ ನೋಟ್‌ಬುಕ್ ನೋಡಿದವರ ಪತ್ರ, ಕೊನೇ ವಾರದಲ್ಲಿ ಕೇಳಿ ಬರೆಸಿಕೊಂಡ ಪತ್ರದ ಹಾಗೆ ಇರುವುದಿಲ್ಲ. ವರದಿ ಒಂದು ಹಂತಕ್ಕೆ ಬಂದ ಮೇಲೆ ಪತ್ರಕರ್ತ ಪಿ. ಸಾಯಿನಾಥ್ ಅವರು 2014ರಲ್ಲಿ ಶುರು ಮಾಡಿದ ಪರಿ ಜಾಲತಾಣವನ್ನು ನೋಡಿ. ಹಳ್ಳಿ ಬದುಕಿನ ವರದಿಗಳು ಅಲ್ಲಿ ಕನ್ನಡದಲ್ಲೂ ಇವೆ, ವಿದ್ಯಾರ್ಥಿಗಳು ಬರೆದವೂ ಇವೆ. ಹೇಗೆ ಬರೆಯಬೇಕು ಅನ್ನುವುದಕ್ಕೆ ಒಳ್ಳೆಯ ಪಾಠ. ನಿಮ್ಮ ವರದಿಯ ಒಂದು ಕನ್ನಡ ಪ್ರತಿಯನ್ನು ಅರಿವು ಕೇಂದ್ರಕ್ಕೆ ಕೊಡಿ. ಮಾತು ಕೊಟ್ಟವರಿಗೆ ಒಂದು ಸಂಜೆ ಓದಿ ಹೇಳಿ. "ಇಲ್ಲಿ ತಪ್ಪು ಬರೆದಿದ್ದೀಯಲ್ಲಮ್ಮ" ಅಂತ ಅವರು ಹೇಳಿದರೆ ಅದನ್ನೂ ಸೇರಿಸಿ.

ಅರ್ಜಿಯ ಆ 150 ಅಕ್ಷರದಲ್ಲಿ "ಕೊಬ್ಬರಿ ಮಾರುಕಟ್ಟೆಯ ಬಗ್ಗೆ ಸಂಶೋಧನೆ ಮಾಡಿ ರೈತರ ಕಷ್ಟ ಅರಿತೆ" ಅಂತ ಬರೆದರೆ ಯಾರೂ ನಿಲ್ಲುವುದಿಲ್ಲ. "14 ತಿಂಗಳ ಹರಾಜು ದರ ದಾಖಲೆ, 20 ಮನೆಗಳ ಮಾತುಕತೆ, ಕಾಯಿ ಮಾರುವುದೋ ಕಾಯುವುದೋ ಎಂಬ ತೀರ್ಮಾನದ ಅಧ್ಯಯನ, ವರದಿ ಊರಿನವರಿಗೆ ಓದಿದೆ" ಅಂದರೆ ನಿಲ್ಲುತ್ತಾರೆ. ಎಷ್ಟು, ಯಾರು, ಏನು ಎಂಬುದು ಇರಲಿ. ಭಾವನೆ ಬೇಡ, ಅದಕ್ಕೆ 650 ಪದದ ಪ್ರಬಂಧ ಇದೆ. ಮಂಡಿಯಲ್ಲಿ ಲೆಕ್ಕ ಬರೆಯುವುದನ್ನು ಇದರ ಜೊತೆ ಬೆರೆಸಬೇಡಿ. ಅದು ಪ್ರತ್ಯೇಕ ಸಾಲು, ಕೆಲಸದ ವಿಭಾಗದಲ್ಲಿ. ವಾರದ ಗಂಟೆಗಳನ್ನು ಹೆಚ್ಚಿಸಿ ಬರೆಯಬೇಡಿ. ಒಂದು ಗಂಟೆಯ ಸುಳ್ಳೂ ಸಂದರ್ಶನದಲ್ಲಿ ಮುಖದ ಮೇಲೆ ಕಾಣುತ್ತದೆ.

ಕೊನೆಯದಾಗಿ, ನೀವು ಕೇಳದ ಒಂದು ವಿಷಯ. ಹೆಚ್‌ಇಪಿಎಸ್‌ನಲ್ಲಿ ಗಣಿತ ಇಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಆನರ್ಸ್‌ಗೆ ಸಿಯುಇಟಿಯಲ್ಲಿ ಗಣಿತ ಬರೆಯಲೇಬೇಕು. ಹೊರದೇಶದ ಎಷ್ಟೋ ಕಡೆಯೂ ಅರ್ಥಶಾಸ್ತ್ರಕ್ಕೆ ಗಣಿತ ಕೇಳುತ್ತಾರೆ. ಸಮಾಜಶಾಸ್ತ್ರಕ್ಕೆ ಈ ತೊಂದರೆ ಇಲ್ಲ. ಎಷ್ಟೇ ಒಳ್ಳೆಯ ಚಟುವಟಿಕೆ ಇದ್ದರೂ ಈ ಒಂದು ಬಾಗಿಲು ಅದರಿಂದ ತೆರೆಯುವುದಿಲ್ಲ. ನೀವಿನ್ನೂ ಪ್ರಥಮ ಪಿಯುಸಿಯಲ್ಲಿದ್ದೀರಿ. ಅರ್ಥಶಾಸ್ತ್ರದ ಕಡೆಗೇ ಮನಸ್ಸು ಜಾಸ್ತಿ ವಾಲುತ್ತಿದ್ದರೆ ಈ ವಾರವೇ ಪ್ರಾಂಶುಪಾಲರನ್ನು ಕಂಡು, ಗಣಿತ ಇರುವ ಕಾಂಬಿನೇಷನ್‌ಗೆ ಬದಲಾಯಿಸಿಕೊಳ್ಳಲು ಈಗಲೂ ಅವಕಾಶ ಇದೆಯಾ ಅಂತ ಕೇಳಿ. ಮನೆಯಲ್ಲಿ ಅಪ್ಪನ ಜೊತೆಯೂ ಮಾತಾಡಿ. ಅಲ್ಲಿಯವರೆಗೆ ಮುಂದಿನ ಹರಾಜಿನ ದಿನ ನೋಟ್‌ಬುಕ್ ತೆಗೆದುಕೊಂಡೇ ಮಂಡಿಗೆ ಹೋಗಿ. ಮೊದಲ ಪುಟ ತುಂಬಿದ ಮೇಲೆ ಒಂದು ಪ್ರತಿ ನನಗೂ ಕಳಿಸಿ, ಓದಿ ಬರೆಯುತ್ತೇನೆ.